ನೀರಿದ್ದಾಗಲೇ ಆಡಬೇಕಾದ ಮಾತು

ಮೈಸೂರು ಎರಡು ನದಿಗಳ ನಡುವಿನ ಏರಿನ ಮೇಲೆ ನಿಂತಿರುವ ಊರು. ಉತ್ತರಕ್ಕೆ ಇಳಿದರೆ ಕಾವೇರಿ, ದಕ್ಷಿಣಕ್ಕೆ ಇಳಿದರೆ ಕಪಿಲೆ. ನಮ್ಮ ನಲ್ಲಿಗಳಿಗೂ ಎರಡೂ ನದಿಯ ನೀರು ಬರುತ್ತದೆ. ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಪಂಪುಗಳು ಕಾವೇರಿಯನ್ನು ಎತ್ತಿ ಕಳಿಸುತ್ತವೆ, ಬಿದರಗೂಡಿನದು ಕಪಿಲೆಯನ್ನು. ಕಾವೇರಿ ಎಂದ ಕೂಡಲೇ ನಮಗೆ ಕನ್ನಂಬಾಡಿ ಕಟ್ಟೆಯೂ ಮಂಡ್ಯದ ಹೆದ್ದಾರಿಯಲ್ಲಿ ಕೂತ ರೈತರೂ ನೆನಪಾಗುತ್ತಾರೆ. ಆದರೆ ಜಲಾನಯನ ಎಂದರೇನು, ಅದನ್ನು ಹಂಚಿಕೊಂಡವರು ಹೇಗೆ ಬಾಳಬೇಕು ಎಂಬುದನ್ನು ಅರಿಯಲು ಕಪಿಲೆಯ ಜಾಡು ಹಿಡಿಯುವುದು ಒಳ್ಳೆಯದು.

ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಪನಮರಂ ಮತ್ತು ಮಾನಂತವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಳಿ ನಾವು ಅದಕ್ಕೆ 19.52 ಟಿಎಂಸಿ ಅಡಿಯ ಅಣೆಕಟ್ಟೆ ಕಟ್ಟಿಕೊಂಡಿದ್ದೇವೆ. ನಂಜನಗೂಡನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಶಿವನಸಮುದ್ರ, ಮೇಕೆದಾಟು ಕಳೆದು ಅದು ತಮಿಳುನಾಡು ಹೊಗುತ್ತದೆ. ವಯನಾಡಿನವರ ಪಾಲಿಗೆ ನಾವು ಕೆಳಗಿನವರು. ತಂಜಾವೂರಿನವರ ಪಾಲಿಗೆ ಮೇಲಿನವರು. ಕಾವೇರಿ ಜಲವಿವಾದ ನ್ಯಾಯಮಂಡಳಿ ಕೇರಳಕ್ಕೆ ಕೊಟ್ಟ 30 ಟಿಎಂಸಿ ಅಡಿಯಲ್ಲಿ 21 ಕಬಿನಿ ಕಣಿವೆಯದೇ. ನಾಳೆ ಕೇರಳ ಅದನ್ನೆಲ್ಲ ಮೇಲೆಯೇ ಬಳಸಿಕೊಳ್ಳಲು ಹೊರಟರೆ ನಾವು ಆಡುವ ಮಾತುಗಳು ಇಂದು ತಮಿಳುನಾಡು ನಮ್ಮೆದುರು ಆಡುತ್ತಿರುವ ಮಾತುಗಳೇ ಆಗಿರುತ್ತವೆ. ಇದನ್ನು ಮೈಸೂರಿನವರು ಬೇರೆಯವರಿಗಿಂತ ಮೊದಲು ಗ್ರಹಿಸಬೇಕು.

ಕಾವೇರಿ ಕಣಿವೆಯ ವಿಸ್ತೀರ್ಣ 81,155 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ್ದು 34,273, ಕೇರಳದ್ದು 2,866, ಉಳಿದದ್ದು ತಮಿಳುನಾಡು ಮತ್ತು ಪುದುಚೇರಿಯದು. ನ್ಯಾಯಮಂಡಳಿ 2007ರ ಫೆಬ್ರುವರಿ 5ರಂದು ಕೊಟ್ಟ ಅಂತಿಮ ತೀರ್ಪು ನದಿಯಲ್ಲಿ 740 ಟಿಎಂಸಿ ಅಡಿ ನೀರಿದೆ ಎಂದು ಲೆಕ್ಕ ಹಿಡಿಯಿತು. ಇದು ಶೇ 50ರ ಭರವಸೆಯ ಲೆಕ್ಕ. ನೂರು ವರ್ಷದಲ್ಲಿ ಐವತ್ತು ವರ್ಷ ಅಷ್ಟೋ ಅದಕ್ಕಿಂತ ಹೆಚ್ಚೋ ಹರಿಯುತ್ತದೆ, ಉಳಿದ ಐವತ್ತು ವರ್ಷ ಅದಕ್ಕಿಂತ ಕಡಿಮೆ. ಕಾವೇರಿಯ ಜಗಳವೆಲ್ಲ ಈ ಎರಡನೆಯ ಐವತ್ತರಲ್ಲಿದೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 270ರಿಂದ 284.75ಕ್ಕೆ ಏರಿಸಿತು. ಹೆಚ್ಚಿಸಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, ಉಳಿದ 10 ತಮಿಳುನಾಡಿನ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡು. ಅಂತರರಾಜ್ಯ ನದಿ ರಾಷ್ಟ್ರದ ಸಂಪತ್ತು, ಯಾವ ರಾಜ್ಯವೂ ಅದು ತನಗೆ ಮಾತ್ರ ಸೇರಿದ್ದು ಎನ್ನಲಾಗದು ಎಂಬ ಮಾತನ್ನೂ ಅದೇ ತೀರ್ಪು ಹೇಳಿತು.

ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ವರ್ಷಕ್ಕೆ 177.25 ಟಿಎಂಸಿ ಅಡಿ ಅಲ್ಲಿ ದಾಟಬೇಕು. ಅದೂ ತಿಂಗಳ ಲೆಕ್ಕದಲ್ಲಿ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಬರೀ 2.5. ಈ ಪಟ್ಟಿಯನ್ನು ನೋಡಿದರೆ ಜಗಳ ಯಾಕೆ ಯಾವಾಗಲೂ ಗೌರಿ ಹಬ್ಬದ ಆಸುಪಾಸಿನಲ್ಲೇ ಭುಗಿಲೇಳುತ್ತದೆ ಎಂಬುದು ತಿಳಿಯುತ್ತದೆ. ಕೊಡಗು, ವಯನಾಡಿನಲ್ಲಿ ಮುಂಗಾರು ಕೈಕೊಟ್ಟದ್ದು ಖಚಿತವಾಗುವುದು ಆಗಸ್ಟ್ ಹೊತ್ತಿಗೆ. ಅಷ್ಟರಲ್ಲಿ ಮಂಡ್ಯದಲ್ಲಿ ಭತ್ತ, ಕಬ್ಬು ನೆಲ ಹಿಡಿದಿರುತ್ತವೆ. ತಮಿಳುನಾಡು ಜೂನ್ 12ಕ್ಕೆ ಮೆಟ್ಟೂರು ಕಟ್ಟೆಯ ಬಾಗಿಲು ತೆಗೆಯುವ ರೂಢಿಯಂತೆ ನಡೆದಿದ್ದರೆ ಡೆಲ್ಟಾದಲ್ಲಿ ಕುರುವೈ ಬೆಳೆ ಕಟಾವಿಗೆ ಮುಂಚಿನ ಕೊನೆಯ ನೀರಿಗೆ ಕಾದಿರುತ್ತದೆ, ಸಾಂಬಾ ಬೆಳೆಯ ನಾಟಿಯೂ ಶುರುವಾಗುತ್ತಿರುತ್ತದೆ. ಎರಡು ಕಡೆಯೂ ಬೆಳೆ ಇಟ್ಟಾದ ಮೇಲೆ ಹಂಚಿಕೆಯ ಮಾತು ಶುರುವಾಗುತ್ತದೆ. ಆಗ ಯಾರು ಬಿಟ್ಟುಕೊಟ್ಟಾರು?

2023ರಲ್ಲಿ ಆದದ್ದು ಇದೇ. ದೇಶದಲ್ಲಿ ನೂರು ವರ್ಷಕ್ಕೂ ಹೆಚ್ಚಿನ ದಾಖಲೆಯಲ್ಲೇ ಅತಿ ಒಣ ಆಗಸ್ಟ್ ಅದು. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ಬಿಡಿ ಎಂದಿತು. ಕ್ಯೂಸೆಕ್ ಎಂಬುದು ಸೆಕೆಂಡಿನ ಲೆಕ್ಕ, ಟಿಎಂಸಿ ಒಟ್ಟು ಮೊತ್ತದ ಲೆಕ್ಕ. ಸುಮಾರು 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಅಡಿ. ಹಾಗಾದರೆ ಆ ಹದಿನೈದು ದಿನದ ಆದೇಶ ಹೆಚ್ಚು ಕಡಿಮೆ ಆರೂವರೆ ಟಿಎಂಸಿ ಅಡಿ. ಕಟ್ಟೆ ತುಂಬಿದ ವರ್ಷ ಅಷ್ಟು ನೀರು ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಆ ವರ್ಷ ಅದಕ್ಕೇ ಬೆಂಗಳೂರು ಬಂದ್, ಕರ್ನಾಟಕ ಬಂದ್ ಆದವು. ಹಿಂದಿನ ಜಲವರ್ಷ, 2022–23ರಲ್ಲಿ, ಬಿಳಿಗುಂಡ್ಲುವನ್ನು 600 ಟಿಎಂಸಿ ಅಡಿಗೂ ಹೆಚ್ಚು ನೀರು ದಾಟಿತ್ತು. 2023–24ರಲ್ಲಿ ನಿಗದಿಯ ಅರ್ಧವೂ ದಾಟಲಿಲ್ಲ.

ಅಷ್ಟೊಂದು ನೀರು ಬಂದ ವರ್ಷ ಅದನ್ನು ಹಿಡಿದಿಟ್ಟುಕೊಂಡಿದ್ದರೆ ಎಂದು ಎಲ್ಲರಿಗೂ ಅನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಕೃಷ್ಣರಾಜಸಾಗರ (ಕನ್ನಂಬಾಡಿ) 49.45, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50. ನಾಲ್ಕೂ ತುಂಬಿದರೆ 114.57 ಟಿಎಂಸಿ ಅಡಿ. ಮೆಟ್ಟೂರು ಒಂದೇ 93.47. ಎಲ್ಲವೂ ಸೇರಿ ನದಿಯ ಒಂದು ಸಾಧಾರಣ ವರ್ಷದ ಹರಿವಿನ ಮೂರನೆಯ ಒಂದು ಭಾಗಕ್ಕೂ ಸಾಲದು. ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ದಾಟಿಸುವ ಶಕ್ತಿ ಈ ಕಣಿವೆಗೆ ಇಲ್ಲ. ಮೇಕೆದಾಟಿನಲ್ಲಿ 67.16 ಟಿಎಂಸಿ ಅಡಿಯ ಕಟ್ಟೆ ಬೇಕೆಂದು ನಾವು ಕೇಳುತ್ತಿರುವುದರ ಹಿಂದೆ ಈ ಸತ್ಯವಿದೆ. ಅದು ಬೇಕು ಎಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಆ ಕಟ್ಟೆಯ ಕೀಲಿ ಒಬ್ಬರ ಕೈಯಲ್ಲೇ ಇರುತ್ತದೆ ಎಂಬ ಭಯ ಕೆಳಗಿನವರಿಗೆ ಇರುವವರೆಗೆ ಯೋಜನಾ ವರದಿ ಎಷ್ಟೇ ಚೆನ್ನಾಗಿದ್ದರೂ ಕಡತದಿಂದ ಏಳುವುದಿಲ್ಲ.

ಈ ಭಯ ಹಳೆಯದು. 1892ರ ಒಪ್ಪಂದದಲ್ಲೇ ಮದ್ರಾಸನ್ನು ಕೇಳದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಮಾಡುವಂತಿಲ್ಲ ಎಂಬ ಕಟ್ಟುಪಾಡು ಇತ್ತು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾದಾಗ ಮದ್ರಾಸು ಒಪ್ಪಿದ್ದು 11 ಟಿಎಂಸಿ ಅಡಿಯ ಕಟ್ಟೆಗೆ ಮಾತ್ರ. ಸರ್ ಎಂ. ವಿಶ್ವೇಶ್ವರಯ್ಯನವರ ಕಣ್ಣೆದುರಿಗಿದ್ದದ್ದು 41.5ರ ಕಟ್ಟೆ. ತಳಪಾಯವನ್ನು ಆ ದೊಡ್ಡ ಕಟ್ಟೆಗೆ ಬೇಕಾದಷ್ಟೇ ಅಗಲವಾಗಿ ಹಾಕಿಸಿದರು. ಮದ್ರಾಸು ದೂರು ಕೊಟ್ಟಿತು, ಎಚ್.ಡಿ. ಗ್ರಿಫಿನ್ ಮಧ್ಯಸ್ಥಿಕೆ ನಡೆಯಿತು, 1914ರಲ್ಲಿ ಅವರ ತೀರ್ಮಾನ ಬಂತು, ಮೇಲ್ಮನವಿಗಳು ನಡೆದವು. ಕೊನೆಗೆ 1924ರ ಫೆಬ್ರುವರಿ 18ರಂದು ಒಪ್ಪಂದವಾಯಿತು. ನಮ್ಮ ಕಡೆ ಈ ಒಪ್ಪಂದವನ್ನು ಬ್ರಿಟಿಷರು ಸಂಸ್ಥಾನದ ಮೇಲೆ ಹೇರಿದ್ದು ಎಂದೇ ಹೇಳುವುದು ವಾಡಿಕೆ. ಅದರಲ್ಲಿ ನಿಜವಿದೆ. ಆದರೂ ಅದರೊಳಗಿನ ಎರಡು ಸಂಗತಿಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಒಂದು, ಅದು ಬರೀ ಪಾಲಿನ ಪತ್ರವಾಗಿರಲಿಲ್ಲ, ಕಟ್ಟೆಯನ್ನು ನಡೆಸುವ ನಿಯಮಗಳೂ ಅದರಲ್ಲಿದ್ದವು. ಕೆಳಗೆ ತಮಿಳುನಾಡಿನಲ್ಲಿರುವ ಮೇಲಣೆಯಲ್ಲಿ (ಅಪ್ಪರ್ ಅಣೆಕಟ್) ನೀರಿನ ಮಟ್ಟ ತಿಂಗಳು ತಿಂಗಳಿಗೆ ಎಷ್ಟಿದ್ದರೆ ಕನ್ನಂಬಾಡಿಯಲ್ಲಿ ಎಷ್ಟು ಹಿಡಿಯಬಹುದು, ಎಷ್ಟು ಬಿಡಬೇಕು ಎಂಬುದು ಅಳತೆಗೋಲಿನ ಅಂಕಿಯ ಮೇಲೆ ತೀರ್ಮಾನವಾಗುತ್ತಿತ್ತು. ಇನ್ನೊಂದು, ಕೆಳಗಿನವರು ಭವಾನಿ, ಅಮರಾವತಿಯಂಥ ಉಪನದಿಗಳಿಗೆ ಕಟ್ಟೆ ಕಟ್ಟಿದರೆ ಮೇಲಿನವರಿಗೂ ಅದರ ಶೇ 60ರಷ್ಟು ಸಂಗ್ರಹದ ಕಟ್ಟೆ ಕಟ್ಟುವ ಹಕ್ಕು ಇತ್ತು. ಕೊಟ್ಟು ತೆಗೆದುಕೊಳ್ಳುವ ಲೆಕ್ಕಾಚಾರ ಅದು. ಐವತ್ತು ವರ್ಷದ ಬಳಿಕ ಕೂತು ಪರಿಶೀಲಿಸಬೇಕೆಂಬ ಮಾತೂ ಅದರಲ್ಲಿತ್ತು. 1974 ಬಂತು. ಮಾತುಕತೆಗಳು ನಡೆದವು, ಮುರಿದವು, ಮತ್ತೆ ನಡೆದವು. 1990ರ ಜೂನ್ 2ಕ್ಕೆ ನ್ಯಾಯಮಂಡಳಿ ಬರುವವರೆಗೆ ಹದಿನಾರು ವರ್ಷ ಹಳೆಯ ನಿಯಮವನ್ನು ಒಬ್ಬರು ಒಪ್ಪಲಿಲ್ಲ, ಹೊಸ ನಿಯಮವನ್ನು ಇಬ್ಬರೂ ಬರೆಯಲಿಲ್ಲ. ನಮ್ಮ ಹೇಮಾವತಿ, ಹಾರಂಗಿ ಜಲಾಶಯಗಳು ಕೆಲಸಕ್ಕೆ ಬಂದದ್ದು ಆ ಅವಧಿಯಲ್ಲೇ. 1991ರ ಜೂನ್‌ನಲ್ಲಿ 205 ಟಿಎಂಸಿ ಅಡಿ ಬಿಡಬೇಕೆಂಬ ಮಧ್ಯಂತರ ಆದೇಶ ಬಂದ ಬಳಿಕ, ವರ್ಷದ ಕೊನೆಗೆ ಬೆಂಗಳೂರಿನಲ್ಲೂ ಮೈಸೂರು ಸೀಮೆಯಲ್ಲೂ ನಡೆದ ಗಲಭೆಗಳಲ್ಲಿ ಮನೆ ಮಠ ಕಳೆದುಕೊಂಡವರು ಈ ಹದಿನಾರು ವರ್ಷದ ಸಾಲ ತೀರಿಸಿದರು ಎಂದೇ ನನಗನಿಸುತ್ತದೆ.

2018ರ ಜೂನ್‌ನಲ್ಲಿ ನಿರ್ವಹಣಾ ಪ್ರಾಧಿಕಾರವೂ ಅದರಡಿ ನೀರು ನಿಯಂತ್ರಣ ಸಮಿತಿಯೂ ಹುಟ್ಟಿದವು. ಹಾಗಾಗಿ ಈಗ ನಮಗೆ ಕೂತು ಮಾತಾಡಲು ಜಾಗ ಇಲ್ಲ ಎನ್ನುವಂತಿಲ್ಲ. ನಾಲ್ಕೂ ಕಡೆಯವರು ಅಲ್ಲಿದ್ದಾರೆ. ಒಳಹರಿವು, ಹೊರಹರಿವಿನ ಅಂಕಿ ಅಂಶ ಹತ್ತು ಹದಿನೈದು ದಿನಕ್ಕೊಮ್ಮೆ ಮೇಜಿನ ಮೇಲೆ ಬರುತ್ತದೆ. ಇದು ಸಣ್ಣ ಸಾಧನೆಯಲ್ಲ. ಕೊರತೆ ಇರುವುದು ಒಂದೇ ಕಡೆ, ಆದರೆ ಅದು ಇಡೀ ವ್ಯವಸ್ಥೆಯ ಜೀವದ ಜಾಗ. ನೀರು ಕಡಿಮೆಯಾದ ವರ್ಷ ಕೊರತೆಯನ್ನು ಎಲ್ಲರೂ ಅವರವರ ಪಾಲಿಗೆ ತಕ್ಕಂತೆ ಹೊರಬೇಕು ಎಂದು ತೀರ್ಪು ಹೇಳಿದೆ. ಹೇಗೆ ಎಂದು ಬಿಡಿಸಿ ಹೇಳುವ ‘ಸಂಕಷ್ಟ ಸೂತ್ರ’ಕ್ಕೆ ಎಲ್ಲರ ಸಹಿ ಬಿದ್ದಿಲ್ಲ. ನಮ್ಮ ನಾಲ್ಕು ಜಲಾಶಯಗಳ ಒಳಹರಿವು ಎಷ್ಟು ಪಾಲು ಕುಸಿದಿದೆಯೋ ಅಷ್ಟೇ ಪಾಲು ಕಡಿತ ಮಾಡಿ ಬಿಡಬೇಕು ಎಂಬುದು ಒಂದು ಲೆಕ್ಕ. ಕುಡಿಯುವ ನೀರನ್ನು ಮೊದಲು ತೆಗೆದಿಡಿ, ಮೆಟ್ಟೂರಿನಲ್ಲಿ ಇರುವ ನೀರನ್ನೂ ಡೆಲ್ಟಾದ ಅಂತರ್ಜಲವನ್ನೂ ಅಕ್ಟೋಬರ್‌ನ ಮೇಲೆ ಅಲ್ಲಿ ಬೀಳುವ ಹಿಂಗಾರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದು ನಮ್ಮ ವಾದ. ನಮಗೆ ಹಿಂಗಾರಿನ ಆಸರೆ ಅಷ್ಟಿಲ್ಲ, ಅವರಿಗಿದೆ. ಹಾಗಾಗಿ ನಮ್ಮ ವಾದದಲ್ಲಿ ಹುರುಳಿದೆ. ಹಿಂಗಾರೂ ಕೈಕೊಟ್ಟರೆ ಗತಿಯೇನು ಎಂಬ ಅವರ ಪ್ರಶ್ನೆಯಲ್ಲೂ ಹುರುಳಿದೆ. ಎರಡಕ್ಕೂ ಉತ್ತರ ಕೊಡುವ ಸೂತ್ರ ಬರೆಯುವುದು ಎಂಜಿನಿಯರುಗಳಿಗೆ ಕಷ್ಟದ ಕೆಲಸವಲ್ಲ. ಸೆಪ್ಟೆಂಬರ್‌ನಲ್ಲಿ, ರೈತರು ರಸ್ತೆಯಲ್ಲಿ ಕೂತಿರುವಾಗ, ಸುಪ್ರೀಂ ಕೋರ್ಟಿನ ಮುಂದೆ ನಿಂತು ಬರೆಯುವುದು ಕಷ್ಟ.

ಹಳೆ ಮೈಸೂರಿನ ಕೆರೆ ಬಯಲುಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವವನು ಅವನೇ. ರೈತರು ಯಾರೂ ತಾವಾಗಿ ತೂಬಿಗೆ ಕೈ ಹಾಕುವಂತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಕೆರೆ ಅರೆಬರೆ ತುಂಬಿದ ವರ್ಷ ಊರಿನವರು ನಾಟಿಗೆ ಮುಂಚೆಯೇ ಕೂತು, ಈ ನೀರು ಎಷ್ಟು ಗದ್ದೆಗೆ ಸಾಕು, ಯಾರು ರಾಗಿ ಹಾಕಬೇಕು ಎಂದು ತೀರ್ಮಾನಿಸುತ್ತಿದ್ದರು. ಜಾತಿ, ಜಮೀನುದಾರಿಕೆಯ ಏರುಪೇರು ಅಲ್ಲೂ ಇತ್ತು, ಅದನ್ನು ಸಿಂಗರಿಸಿ ಹೇಳಬೇಕಾಗಿಲ್ಲ. ಆದರೆ ಎರಡು ಮಾತು ಅಲ್ಲಿ ಗಟ್ಟಿಯಾಗಿದ್ದವು. ತೀರ್ಮಾನ ನಾಟಿಗೆ ಮುಂಚೆ ಆಗಬೇಕು. ತೂಬು ಎತ್ತುವವನು ಎಲ್ಲರ ಆಳಾಗಿರಬೇಕು.

ಈ ಎರಡೂ ಮಾತು ನಾಲೆಯ ಮೇಲೂ ನಿಲ್ಲುತ್ತವೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗ ಮದ್ದೂರು, ಮಳವಳ್ಳಿಯ ಕಡೆಗಿದೆ. ಕಟ್ಟು ನೀರಿನ ಪದ್ಧತಿ ಜಾರಿಯಾದಾಗ, ಅಂದರೆ ಇಷ್ಟು ದಿನ ನಾಲೆಗೆ ನೀರು, ಇಷ್ಟು ದಿನ ಬಂದ್ ಎಂದಾದಾಗ, ಮೊದಲು ಒಣಗುವುದು ಅಲ್ಲಿನ ಪೈರು. ಮೇಲಿನವರು ತೂಬು ಮುಚ್ಚುವುದಿಲ್ಲ ಎಂಬುದು ಅವರ ಹಳೆಯ ದೂರು. ಮಳವಳ್ಳಿಯ ರೈತ ತನ್ನ ತಾಲ್ಲೂಕು ಕಚೇರಿಯ ಮುಂದೆ ಹೇಳುವುದನ್ನೇ ನಾಗಪಟ್ಟಣದ ರೈತ ಚೆನ್ನೈಗೆ ಹೇಳುತ್ತಾನೆ. ಆ ಇಬ್ಬರನ್ನು ಎದುರುಬದುರು ಕೂರಿಸಿದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ವಿವರಿಸಬೇಕಾಗಿಲ್ಲ.

ಹಾಗೆ ಕೂರಿಸಿದ್ದೂ ಉಂಟು. 2002ರ ಬರದ ಗಲಾಟೆ ಮುಗಿದ ಮೇಲೆ, 2003ರಲ್ಲಿ, ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಮುಂದಾಳತ್ವದಲ್ಲಿ ಎರಡೂ ರಾಜ್ಯದ ರೈತರು ‘ಕಾವೇರಿ ಕುಟುಂಬ’ ಕಟ್ಟಿಕೊಂಡರು. ಡೆಲ್ಟಾದ ರೈತರು ಇಲ್ಲಿಯ ಬಯಲಿಗೆ ಬಂದು ನೋಡಿದರು, ನಮ್ಮವರು ಅಲ್ಲಿಗೆ ಹೋಗಿ ನೋಡಿದರು. ಮೇಲಿನವರು ನೀರು ಕೂಡಿಟ್ಟು ಸುಖವಾಗಿದ್ದಾರೆ, ಕೆಳಗಿನವರು ಮೂರು ಬೆಳೆ ಬೆಳೆದು ಪೋಲು ಮಾಡುತ್ತಾರೆ ಎಂಬ ಪರಸ್ಪರ ಅಪನಂಬಿಕೆ ಆ ಓಡಾಟದಲ್ಲಿ ಒಂದಿಷ್ಟು ಕರಗಿತು. ಅವರ ಮಾತಿಗೆ ಕಾನೂನಿನ ಬಲ ಇರಲಿಲ್ಲ, ಸರ್ಕಾರಗಳೂ ಆ ಕೊಂಡಿಯನ್ನು ಹಿಡಿದು ಮುಂದುವರಿಸಲಿಲ್ಲ. ನಿಯಂತ್ರಣ ಸಮಿತಿಯಲ್ಲಿ ರಾಜ್ಯಗಳ ಮುಖ್ಯ ಎಂಜಿನಿಯರುಗಳಿದ್ದಾರೆ, ಹವಾಮಾನ ಇಲಾಖೆಯವರಿದ್ದಾರೆ, ಜಲ ಆಯೋಗದವರಿದ್ದಾರೆ. ರೈತರು ಇಲ್ಲ. ಇದು ಆ ವ್ಯವಸ್ಥೆಯ ದೊಡ್ಡ ಲೋಪ.

ತೂಬು ಎಲ್ಲರ ಆಳಿನ ಕೈಯಲ್ಲಿರಬೇಕು ಎಂಬುದಕ್ಕೆ ಉದಾಹರಣೆಗಳಿವೆ. ಆಫ್ರಿಕಾದ ಸೆನೆಗಲ್ ನದಿಯ ಮೇಲೆ ಮಾಲಿ, ಮಾರಿಟಾನಿಯ, ಸೆನೆಗಲ್ ದೇಶಗಳು 1972ರಲ್ಲಿ ಒಂದು ಸಂಸ್ಥೆ ಕಟ್ಟಿಕೊಂಡವು. ಮನಂತಲಿ ಅಣೆಕಟ್ಟೆ ಇರುವುದು ಮಾಲಿಯ ನೆಲದಲ್ಲಿ, ಒಡೆತನ ಮೂರೂ ದೇಶಗಳದು. ಅಷ್ಟು ದೂರ ಯಾಕೆ, ನಮ್ಮ ಹೊಸಪೇಟೆಯಲ್ಲೇ 1953ರಿಂದ ತುಂಗಭದ್ರಾ ಮಂಡಳಿ ಇದೆ. ಕಟ್ಟೆ ನಮ್ಮ ನೆಲದಲ್ಲಿದೆ. ನಡೆಸುವುದು ಮಂಡಳಿ. ಕರ್ನಾಟಕದ, ಆಂಧ್ರದ ಎಂಜಿನಿಯರುಗಳು ಒಂದೇ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಖರ್ಚನ್ನೂ ರಾಜ್ಯಗಳು ಹಂಚಿಕೊಳ್ಳುತ್ತವೆ. ತೆಲಂಗಾಣ ಬೇರೆಯಾದ ಮೇಲೆ ಅದೂ ಒಳಗೆ ಬಂತು.

2024ರ ಆಗಸ್ಟ್ 10ರ ರಾತ್ರಿ ಆ ಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿದ ಕಟ್ಟೆ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಹೊರಬಿಡಬೇಕಾಯಿತು. ಕೊಪ್ಪಳ, ರಾಯಚೂರಿನ ನಾಲೆಯವರಿಗೂ ಕರ್ನೂಲು, ಅನಂತಪುರದವರಿಗೂ ಆ ವರ್ಷದ ಬೆಳೆ ಕಣ್ಣೆದುರೇ ಹರಿದು ಹೋಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಹೊಸಪೇಟೆ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಸಿದ್ಧಪಡಿಸಿದರು. ಕಟ್ಟೆಯಲ್ಲಿ ನೀರು ನಿಂತಿರುವಾಗಲೇ, ಧುಮುಕುವ ಪ್ರವಾಹದ ಮೇಲೆ ಕ್ರೇನಿನಿಂದ ಒಂದರ ಮೇಲೊಂದನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ನಿರ್ವಹಣೆಯಲ್ಲಿ ಉದಾಸೀನವಾಗಿದ್ದರಿಂದಲೇ ಚೈನ್ ತುಂಡಾಯಿತು ಎಂಬ ಟೀಕೆ ನ್ಯಾಯವಾದದ್ದೇ, ಮಂಡಳಿ ಅದಕ್ಕೆ ಉತ್ತರ ಹೇಳಲೇಬೇಕು. ಆದರೆ ಆ ಒಂದು ವಾರ ಇದು ಯಾರ ನೀರು ಎಂಬ ಜಗಳ ಕೆಲಸವನ್ನು ನಿಲ್ಲಿಸಲಿಲ್ಲ. ಎಪ್ಪತ್ತು ವರ್ಷ ಒಂದೇ ಕಟ್ಟೆಯನ್ನು ಜೊತೆಯಾಗಿ ನಡೆಸಿದ ಅಭ್ಯಾಸ ಅಲ್ಲಿ ಕೈಗೆ ಬಂತು. ಮೇಕೆದಾಟಿಗೂ ಅಂಥದೇ ಜಂಟಿ ಮಂಡಳಿಯನ್ನು ನಾವಾಗಿಯೇ ಮುಂದಿಟ್ಟರೆ ಕರ್ನಾಟಕ ಕಳೆದುಕೊಳ್ಳುವುದಕ್ಕಿಂತ ಗಳಿಸುವುದೇ ಹೆಚ್ಚು.

ಕಬಿನಿಯ ವಿಷಯಕ್ಕೆ ಬಂದರೆ ನೀರು ಹೆಚ್ಚಾದಾಗಲೂ ಹೊಂದಾಣಿಕೆ ಬೇಕು. 2018ರ ಮತ್ತು 2019ರ ಆಗಸ್ಟ್‌ಗಳನ್ನು ನಂಜನಗೂಡಿನವರು ಮರೆತಿಲ್ಲ. ವಯನಾಡಿನಲ್ಲಿ ಎಡೆಬಿಡದೆ ಮಳೆ ಸುರಿಯಿತು. ಅಲ್ಲಿಯ ಬಾಣಾಸುರಸಾಗರ ತುಂಬಿದರೆ ಅದರ ಹೆಚ್ಚುವರಿ ನೀರು ಬರುವುದು ಕಬಿನಿಗೇ. 2019ರಲ್ಲಿ ಕಬಿನಿಯ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಊಟಿ ರಸ್ತೆ ಬಂದ್ ಆಯಿತು. 19.52 ಟಿಎಂಸಿ ಅಡಿಯ ಸಣ್ಣ ಜಲಾಶಯಕ್ಕೆ ಅಂಥ ಪ್ರವಾಹವನ್ನು ತಡೆಯುವ ಶಕ್ತಿ ಇಲ್ಲ. ಮೇಲೆ ಮಳೆ ಬಿದ್ದ ಗಂಟೆಯಲ್ಲೇ ಅಂಕಿ ಸಿಕ್ಕಿ, ಕಟ್ಟೆಯಲ್ಲಿ ಒಂದಿಷ್ಟು ಜಾಗ ಮುಂಚೆಯೇ ಖಾಲಿ ಮಾಡಿಕೊಳ್ಳುವುದೊಂದೇ ದಾರಿ. ಅದಕ್ಕೆ ವಯನಾಡಿನ ಕಲ್ಪೆಟ್ಟ ಮತ್ತು ಬೀಚನಹಳ್ಳಿಯ ಎಂಜಿನಿಯರುಗಳು ಪ್ರವಾಹದ ವಾರ ಫೋನಿನಲ್ಲಿ ಮಾತಾಡಿದರೆ ಸಾಲದು. ಎರಡು ಕಟ್ಟೆಗಳನ್ನು ಜೊತೆಯಾಗಿ ನಡೆಸುವ ನಿಯಮ ಬರೆದಿಟ್ಟಿರಬೇಕು.

ಇನ್ನು ನೀರಿನ ಗುಣದ ಮಾತು. ಟಿಎಂಸಿಯ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ನ್ಯಾಯಮಂಡಳಿ ಪರಿಸರಕ್ಕೆಂದು 10 ಟಿಎಂಸಿ ಅಡಿ ತೆಗೆದಿಟ್ಟಿತು, ಆದರೆ ಹರಿಯುವ ನೀರು ಕುಡಿಯಲು ಯೋಗ್ಯವೇ ಎಂಬುದು ಹಂಚಿಕೆಯ ಪಟ್ಟಿಯಲ್ಲಿಲ್ಲ. ಮೈಸೂರಿನ ಕೊಳಚೆ ನೀರನ್ನು ಶುದ್ಧೀಕರಿಸಲು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಗಳಲ್ಲಿ ಘಟಕಗಳಿವೆ. ಊರು ಅವುಗಳ ಅಂದಾಜನ್ನು ಮೀರಿ ಬೆಳೆದಿದೆ. ದಳವಾಯಿ ಕೆರೆಯ ಸ್ಥಿತಿ ನೋಡಿದವರಿಗೆ ಕಪಿಲೆಗೆ ನಾವು ಏನು ಸೇರಿಸುತ್ತಿದ್ದೇವೆ ಎಂದು ಹೇಳಬೇಕಾಗಿಲ್ಲ. ನಮ್ಮ ಪಾಲಿನ ನೀರು ಕೇಳುವ ಹಕ್ಕು ಎಷ್ಟು ದೊಡ್ಡದೋ, ಬಳಸಿ ಬಿಟ್ಟ ನೀರನ್ನು ಕೆಳಗಿನವರು ಕುಡಿಯುವಂತೆ ಬಿಡುವ ಹೊಣೆಯೂ ಅಷ್ಟೇ ದೊಡ್ಡದು. ಇದಕ್ಕೆ ದೆಹಲಿಯ ಆದೇಶ ಬೇಕಾಗಿಲ್ಲ.

ಉಳಿದದ್ದಕ್ಕೆ ದೆಹಲಿ ಬೇಕು, ಆದರೆ ಬೇಕಾದ ಕಾಲ ಬೇರೆ. ಜಲವರ್ಷ ಶುರುವಾಗುವುದು ಜೂನ್ 1ಕ್ಕೆ. ಅದಕ್ಕೆ ಮುಂಚೆ, ಜನವರಿ ಫೆಬ್ರುವರಿಯಲ್ಲಿ, ತಮಿಳುನಾಡಿನ ಸಾಂಬಾ ಬೆಳೆ ಕಟಾವಾಗಿ, ತಿಂಗಳಿಗೆ ಸುಮಾರು ಎರಡೂವರೆ ಟಿಎಂಸಿ ಅಡಿ ಮಾತ್ರ ಹರಿಯುವ ಹೊತ್ತಿನಲ್ಲಿ, ಪ್ರಾಧಿಕಾರ ಸಂಕಷ್ಟ ಸೂತ್ರವನ್ನು ಮೇಜಿನ ಮೇಲೆ ಇಡಬೇಕು. ಕೇರಳವನ್ನು ಹೆಸರಿಗೆ ಮಾತ್ರ ಕೂರಿಸದೆ, ಕಬಿನಿಯ ಮೇಲ್ದಂಡೆಯವರೆಂದು ಮೊದಲು ಮಾತಾಡಿಸಬೇಕು. ಮಂಡ್ಯದ ಕೊನೆಭಾಗದಿಂದ, ಡೆಲ್ಟಾದ ಕೊನೆಭಾಗದಿಂದ ರೈತರನ್ನು ಕರೆಸಬೇಕು. ಜುಲೈ 15ರ ಹೊತ್ತಿಗೆ ನಾಲ್ಕು ಜಲಾಶಯಗಳ ಒಳಹರಿವು ಇಷ್ಟು ಕುಸಿದಿದ್ದರೆ ಎರಡೂ ಕಡೆ ಭತ್ತದ ನಾಟಿ ಇಷ್ಟು ಎಕರೆಗೆ ಇಳಿಯುತ್ತದೆ, ನಾಟಿ ಬಿಟ್ಟವರಿಗೆ ಪರಿಹಾರ ಇಷ್ಟು, ಆ ಹಣದಲ್ಲಿ ಕೇಂದ್ರದ ಪಾಲು ಇಷ್ಟು ಎಂದು ಅಂಕಿಗಳಲ್ಲಿ ಬರೆದು ಸಹಿ ಹಾಕಬೇಕು. ಪಾಂಡವಪುರದ ರೈತ ಒಟ್ಲು ಹಾಕುವ ಮೊದಲು, ತಿರುವಾರೂರಿನ ರೈತ ಕುರುವೈಗೆ ಬಿತ್ತನೆ ಬೀಜ ತರುವ ಮೊದಲು, ಆ ಕಾಗದ ಇಬ್ಬರ ಕೈಗೂ ಸೇರಿರಬೇಕು.